ಸಿನಿಮಾದಲ್ಲಿ ಟೋಕಿಯೋ ಕುಸಿಯುವ ಜಾಗ ಬೇರೆ, ನಿಜದಲ್ಲಿ ಉರಿಯುವ ಜಾಗ ಬೇರೆ

ಪ್ರಶ್ನೆ: ಮಗನಿಗೆ ಟೋಕಿಯೋದಲ್ಲಿ ಕೆಲಸ ಸಿಕ್ಕಿದೆ. ಭಾರತೀಯರು ಹೆಚ್ಚಿರುವ ನಿಶಿ-ಕಸಾಯ್ ಕಡೆ ಬಾಡಿಗೆ ಮನೆ ಹುಡುಕುತ್ತಿದ್ದಾನೆ. ಗಾಡ್ಜಿಲ್ಲ ಸಿನಿಮಾಗಳನ್ನೂ ಭೂಕಂಪದ ಸಿನಿಮಾಗಳನ್ನೂ ನೋಡುತ್ತ ಬಂದ ನಮಗೆ ಟೋಕಿಯೋ ಅಂದರೆ ಪದೇ ಪದೇ ನೆಲಸಮವಾಗಿ ಮತ್ತೆ ಎದ್ದು ನಿಲ್ಲುವ ಊರು. ಇದರಲ್ಲಿ ಎಷ್ಟು ನಿಜ? ಅಲ್ಲಿ ನಾವು ನಿಜಕ್ಕೂ ಯಾವುದಕ್ಕೆ ಹೆದರಬೇಕು?

ಉತ್ತರ: ಟೋಕಿಯೋ ಪದೇ ಪದೇ ಕೆಡವಿ ಕಟ್ಟಿದ ಊರು ಅನ್ನುವುದು ನಿಜ. ಕೆಡವಿದ್ದು ಯಾರು, ಕಟ್ಟಿದ್ದು ಎಲ್ಲಿ ಅನ್ನುವ ವಿಷಯದಲ್ಲಿ ಮಾತ್ರ ಸಿನಿಮಾ ನಮ್ಮ ದಾರಿ ತಪ್ಪಿಸುತ್ತದೆ. ಪರದೆಯ ಮೇಲೆ ಕುಸಿಯುವ ಕಟ್ಟಡಗಳು ಬಹುಪಾಲು ಆ ಊರಿನ ಅತಿ ಗಟ್ಟಿ ಕಟ್ಟಡಗಳು. ನಿಜವಾಗಿ ಅಪಾಯದಲ್ಲಿರುವ ಬೀದಿಗಳಿಗೆ ಕ್ಯಾಮೆರಾ ಹೋಗುವುದೇ ಅಪರೂಪ, ಮರುನಿರ್ಮಾಣವೂ ಅಲ್ಲಿಗೆ ಸರಿಯಾಗಿ ಮುಟ್ಟಿಲ್ಲ. ನಿಮ್ಮ ಮಗ ಮನೆ ಹುಡುಕುವಾಗ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲ ಗಾಡ್ಜಿಲ್ಲ ತೆರೆಕಂಡದ್ದು 1954ರ ನವೆಂಬರ್ 3ರಂದು. ನಿರ್ದೇಶಕ ಇಷಿರೋ ಹೋಂಡಾ, ವಿಶೇಷ ಪರಿಣಾಮಗಳ ಹೊಣೆ ಹೊತ್ತವರು ಎಯಿಜಿ ತ್ಸುಬುರಾಯ. ಅದೇ ವರ್ಷ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ನಡೆಸಿತ್ತು. ಅದರ ವಿಕಿರಣ ಬೂದಿ ಒಂದು ಜಪಾನಿ ಮೀನುದೋಣಿಯ 23 ಜನರ ಮೇಲೆ ಸುರಿದಿತ್ತು. ಅವರಲ್ಲಿ ಒಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಚಿತ್ರಮಂದಿರದಲ್ಲಿ ಕುಳಿತಿದ್ದ ಟೋಕಿಯೋದವರಿಗೆ ಇನ್ನೊಂದು ನೆನಪೂ ಹಸಿಯಾಗಿತ್ತು. 1945ರ ಮಾರ್ಚ್ 10ರ ಒಂದೇ ರಾತ್ರಿ ಬಿ-29 ವಿಮಾನಗಳು ಸುರಿಸಿದ ಬೆಂಕಿಬಾಂಬುಗಳಿಂದ ಸುಮಾರು 41 ಚದರ ಕಿಲೋಮೀಟರ್ ಊರು ಸುಟ್ಟು, ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಸಿನಿಮಾದಲ್ಲಿ ಗಿಂಜಾದ ಒಂದು ಗೋಡೆಯ ಬುಡದಲ್ಲಿ ಮಕ್ಕಳನ್ನು ಅಪ್ಪಿಕೊಂಡು ಕೂತ ತಾಯಿ, ಇನ್ನೇನು ಅಪ್ಪನ ಹತ್ತಿರ ಹೋಗುತ್ತೇವೆ ಅನ್ನುತ್ತಾಳೆ. ಆ ಪ್ರೇಕ್ಷಕರಿಗೆ ಅದು ಕಟ್ಟುಕತೆಯ ಮಾತಾಗಿರಲಿಲ್ಲ. 1956ರಲ್ಲಿ ಅಮೆರಿಕದವರು ಅದನ್ನು ಮತ್ತೆ ಕತ್ತರಿಸಿ ಜೋಡಿಸಿ ಬಿಡುಗಡೆ ಮಾಡಿದಾಗ ಈ ಭಾಗದ ತೂಕ ಬಹಳಷ್ಟು ಕಳೆದುಹೋಯಿತು. ಹೊರಗಿನ ಜಗತ್ತು ಬಹುಕಾಲ ನೋಡಿದ್ದು ಆ ಹಗುರಾದ ರೂಪವನ್ನೇ.

ಆನೆ ನಡೆದದ್ದೇ ದಾರಿ ಅನ್ನುತ್ತೇವಲ್ಲ, ಗಾಡ್ಜಿಲ್ಲ ಎಂಬ ಈ ದೈತ್ಯ ಪ್ರಾಣಿ ಹಾಗೆ ನಡೆಯುವುದಿಲ್ಲ. ಷಿಬಾಉರಾ ಕಡಲಂಚಿನಿಂದ ಮೇಲೆ ಬಂದು ಷಿಂಬಾಷಿ, ಗಿಂಜಾ, ಯೂರಾಕುಚೋ, ಸಂಸತ್ ಭವನ, ಉಯೆನೋ, ಅಸಾಕುಸಾ ದಾಟಿ, ಸುಮಿದಾ ನದಿಗಿಳಿದು, ಕಚಿದೋಕಿ ಸೇತುವೆ ಮಗುಚಿ ಸಮುದ್ರಕ್ಕೆ ಹಿಂತಿರುಗುತ್ತದೆ. ಚಕ್ರವರ್ತಿಯ ಅರಮನೆಯನ್ನು ಮುಟ್ಟುವುದಿಲ್ಲ. ಗಿಂಜಾದ ಗಡಿಯಾರ ಗೋಪುರ, ನಿಚಿಗೆಕಿ ರಂಗಮಂದಿರ, ಸಂಸತ್ತು ಎಲ್ಲವೂ ಕಂಡೊಡನೆ ಗುರುತು ಹಿಡಿಯುವ ಕಟ್ಟಡಗಳು. ನೋಡುವವರಿಗೆ ಕಟ್ಟಡ ಪರಿಚಿತವಾಗಿದ್ದರೆ ಮಾತ್ರ ಅದು ಬಿದ್ದಾಗ ಎದೆ ಝಲ್ಲೆನ್ನುವುದು. ಆದ್ದರಿಂದ ವಿನಾಶದ ಸಿನಿಮಾ ಸಹಜವಾಗಿಯೇ ಹೆಗ್ಗುರುತುಗಳ ಹಿಂದೆ ಹೋಗುತ್ತದೆ.

ಕುಸಿತದ ಬಗ್ಗೆ ನಮ್ಮ ಕಣ್ಣಿಗೆ ಅಂಟಿಕೊಂಡ ಕಲ್ಪನೆಗೆ ತಾಂತ್ರಿಕ ಕಾರಣವೂ ಇದೆ. ಆಗಿನ ನಿಯಮದ ಪ್ರಕಾರ ಟೋಕಿಯೋದ ಕಟ್ಟಡಗಳ ಎತ್ತರ 31 ಮೀಟರ್ ಮೀರುವಂತಿರಲಿಲ್ಲ. 1954ರ ಸೆಟ್ಟಿನಲ್ಲಿ ಊರನ್ನು 25ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದ್ದರು. ಅಂದರೆ 31 ಮೀಟರಿನ ಕಟ್ಟಡ 1.24 ಮೀಟರ್ ಆಗುತ್ತದೆ. ನಿಜವಾದ ಕಟ್ಟಡದ ತುದಿಯಿಂದ ಕಳಚಿದ ತುಂಡು ನೆಲ ಮುಟ್ಟಲು ಸುಮಾರು ಎರಡೂವರೆ ಸೆಕೆಂಡ್ ಬೇಕು, ಮಾದರಿಯಲ್ಲಿ ಅರ್ಧ ಸೆಕೆಂಡ್ ಸಾಕು. ಈ ಐದುಪಟ್ಟು ಅಂತರ ಮುಚ್ಚಬೇಕಾದರೆ, ಲೆಕ್ಕದ ಪ್ರಕಾರ, ಸೆಕೆಂಡಿಗೆ 24 ಫ್ರೇಮಿನ ಬದಲು 120 ಫ್ರೇಮ್ ತೆಗೆದು ನಿಧಾನವಾಗಿ ತೋರಿಸಬೇಕು. ಮಾದರಿ ಒಡೆಯಲಿ ಅಂತ ಪ್ಲಾಸ್ಟರಿಗೆ ಮೊದಲೇ ಸೀಳುಗೆರೆ ಹಾಕಿರುತ್ತಾರೆ. ಹಾಗಾಗಿ ಕಟ್ಟಡ ನಿಧಾನವಾಗಿ, ಗಂಭೀರವಾಗಿ, ಪುಡಿಪುಡಿಯಾಗಿ ಇಳಿಯುತ್ತದೆ. ಕಬ್ಬಿಣ ಕಾಂಕ್ರೀಟಿನ ಚೌಕಟ್ಟು ಭೂಕಂಪದಲ್ಲಿ ಹಾಗೆ ಪುಡಿಯಾಗುವುದಿಲ್ಲ. ಕೆಟ್ಟರೆ ಯಾವುದೋ ಒಂದು ಮಹಡಿಯ ಕಂಬಗಳು ಸೋತು ಆ ಮಹಡಿಯೊಂದೇ ಚಪ್ಪಟೆಯಾಗುತ್ತದೆ. ಹಳೆಯ ಮರದ ಮನೆಯಾದರೆ ಕೆಳಮಹಡಿ ಒಂದು ಪಕ್ಕಕ್ಕೆ ವಾಲಿ, ಮೇಲ್ಮಹಡಿ ಅದರ ಮೇಲೆ ಕೂತುಬಿಡುತ್ತದೆ. ಓಡಲು ಸಮಯವೇ ಇರುವುದಿಲ್ಲ.

ಮುಂದೆ ಊರಿನ ಜೊತೆ ಪ್ರಾಣಿಯೂ ಬೆಳೆಯಿತು. 1954ರಲ್ಲಿ 50 ಮೀಟರ್ ಇದ್ದದ್ದು 1984ಕ್ಕೆ 80 ಆಯಿತು, 1991ಕ್ಕೆ 100, 2016ಕ್ಕೆ 118.5 ಮೀಟರ್. ಎತ್ತರದ ಮಿತಿ 1963ರ ಕಾನೂನು ಬದಲಾವಣೆಯಿಂದ ಸಡಿಲವಾಗಿ, 1968ರಲ್ಲಿ 147 ಮೀಟರಿನ ಕಸುಮಿಗಸೆಕಿ ಕಟ್ಟಡ ಬಂದ ಮೇಲೆ, ಹಳೆಯ ಗಾಡ್ಜಿಲ್ಲ ಗೋಪುರಗಳ ಮಧ್ಯೆ ಕಾಣಿಸದೇ ಹೋಗುತ್ತಿತ್ತು. ಇನ್ನೂ ಕುತೂಹಲದ ಸಂಗತಿ ಅಂದರೆ, ಸಿನಿಮಾ ಹೊಸ ಕಟ್ಟಡಗಳಿಗೆ ಒಂದು ಬಗೆಯ ಉದ್ಘಾಟನೆ ಮಾಡತೊಡಗಿತು. 1954ರಲ್ಲಿ ಪ್ರಾಣಿ ಒಡೆದ ನಿಚಿಗೆಕಿ ನಿಜದಲ್ಲಿ ನಿಂತೇ ಇತ್ತು. 1981ರಲ್ಲಿ ಅದನ್ನು ಮುಚ್ಚಿ ಕೆಡವಿದ್ದು ಜಾಗದ ಮರು ಅಭಿವೃದ್ಧಿಗಾಗಿ. ಅದೇ ಜಾಗದಲ್ಲಿ 1984ರ ಅಕ್ಟೋಬರಿನಲ್ಲಿ ಯೂರಾಕುಚೋ ಮುಲಿಯನ್ ಎಂಬ ಗಾಜಿನ ಸಂಕೀರ್ಣ ತೆರೆಯಿತು, ಡಿಸೆಂಬರಿನ ಹೊಸ ಸಿನಿಮಾದಲ್ಲಿ ಪ್ರಾಣಿ ಅದಕ್ಕೂ ಗುದ್ದಿತು. 243 ಮೀಟರಿನ ಮಹಾನಗರ ಸರ್ಕಾರಿ ಕಚೇರಿ 1990ರ ಕೊನೆಗೆ ಪೂರ್ಣವಾಯಿತು, 1991ರ ಡಿಸೆಂಬರಿನಲ್ಲಿ ಪರದೆಯ ಮೇಲೆ ಕುಸಿಯಿತು.

ಇಂಥ ಸಿನಿಮಾಗಳ ಸಾಲು ನಮ್ಮ ಮನಸ್ಸಿನಲ್ಲಿ ಒಂದು ಲಯ ಕೂರಿಸುತ್ತದೆ: ಹೊರಗಿನಿಂದ ಒಂದು ಹೊಡೆತ, ಊರು ಬಯಲು, ಮುಂದಿನ ಸಿನಿಮಾ ಶುರುವಾಗುವ ಹೊತ್ತಿಗೆ ಊರು ಮತ್ತೆ ತಯಾರು. ಎರಡು ಸಿನಿಮಾಗಳ ನಡುವೆ ನಡೆದದ್ದೇ ಊರಿನ ನಿಜವಾದ ಚರಿತ್ರೆ. ಅದನ್ನು ಯಾರೂ ತೋರಿಸುವುದಿಲ್ಲ.

1923ರ ಸೆಪ್ಟೆಂಬರ್ 1, ಬೆಳಗ್ಗೆ 11 ಗಂಟೆ 58 ನಿಮಿಷ. 7.9 ತೀವ್ರತೆಯ ಭೂಕಂಪ. ಮಧ್ಯಾಹ್ನದ ಅಡುಗೆಗೆ ಒಲೆಗಳು ಉರಿಯುತ್ತಿದ್ದ ಹೊತ್ತು, ಜೊತೆಗೆ ಬಿರುಗಾಳಿ. ಸತ್ತವರು, ಕಾಣೆಯಾದವರು ಸೇರಿ ಸುಮಾರು 1,05,000. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಜನ ಹೋದದ್ದು ಬೆಂಕಿಗೆ. ಹೊಂಜೋದಲ್ಲಿ ಸೇನೆಯ ಬಟ್ಟೆ ಉಗ್ರಾಣವಿದ್ದ ಬಯಲಿಗೆ ಮನೆ ಸಾಮಾನು ಹೊತ್ತುಕೊಂಡು ಬಂದು ಸೇರಿದ್ದವರಲ್ಲಿ ಸುಮಾರು 38,000 ಜನ ಅಲ್ಲೇ ಸುಟ್ಟುಹೋದರು. ಬೆಂಕಿಯ ಸುಳಿಗಾಳಿಗೆ ಆ ಸಾಮಾನುಗಳೇ ಸೌದೆಯಾದವು. ಸಿನಿಮಾಗಳು ಮುಟ್ಟದ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು: ಆ ದಿನಗಳಲ್ಲಿ ವದಂತಿ ನಂಬಿದ ಗುಂಪುಗಳು ಕೊರಿಯಾದವರನ್ನು ಹುಡುಕಿ ಹುಡುಕಿ ಕೊಂದವು. ಪರದೆಯ ಮೇಲಿನ ಜನಸಂದಣಿ ಒಟ್ಟಾಗಿ ಓಡುತ್ತದೆ, ನಿಜವಾದ ಜನಸಂದಣಿ ತನ್ನೊಳಗಿನವರ ಮೇಲೆ ತಿರುಗಿಬಿದ್ದದ್ದೂ ಇದೆ.

ಆಮೇಲಿನ ಮರುನಿರ್ಮಾಣ ಮಾತ್ರ ದೊಡ್ಡ ಕೆಲಸ. ಆಗಿನ ಗೃಹಮಂತ್ರಿ ಗೋತೋ ಷಿಂಪೆಯಿ ಅವರ ಯೋಜನೆಯನ್ನು ಸಂಸತ್ತು ಬಹಳಷ್ಟು ಕತ್ತರಿಸಿದರೂ ಸುಟ್ಟ ಪ್ರದೇಶದ ನಿವೇಶನಗಳನ್ನು ಮತ್ತೆ ಅಳೆದು ಹಂಚಿದರು. ಮಾಲೀಕರು ಶೇಕಡ 10ರವರೆಗೆ ಜಾಗವನ್ನು ಪರಿಹಾರವಿಲ್ಲದೆ ಬಿಟ್ಟುಕೊಟ್ಟರು. ಷೋವಾ-ದೋರಿಯಂಥ ಅಗಲ ರಸ್ತೆಗಳು, ಸುಮಿದಾ ನದಿಯ ಉಕ್ಕಿನ ಸೇತುವೆಗಳು, ಕಾಂಕ್ರೀಟಿನ ಪ್ರಾಥಮಿಕ ಶಾಲೆಗಳ ಪಕ್ಕದಲ್ಲಿ 52 ಚಿಕ್ಕ ಉದ್ಯಾನಗಳು ಬಂದವು. ಶಾಲೆಯ ಗೋಡೆ ಬೆಂಕಿ ತಡೆಯಬೇಕು, ಪಕ್ಕದ ಬಯಲಿಗೆ ಜನ ಸೇರಬೇಕು ಅನ್ನುವುದು ಅದರ ಲೆಕ್ಕ. ಆದರೆ ಊರು ಬಿಟ್ಟವರು ಪಶ್ಚಿಮದ ನಕಾನೋ, ಸುಗಿನಾಮಿ ಕಡೆಯ ಹೊಲಗದ್ದೆಗಳಲ್ಲಿ ಯೋಜನೆಯಿಲ್ಲದೆ ಮರದ ಮನೆ ಕಟ್ಟಿಕೊಂಡರು. ಎತ್ತಿನಗಾಡಿ ದಾರಿಗಳೇ ಬೀದಿಗಳಾದವು. 1945ರ ನಂತರ ಇಪ್ಪತ್ತು ಸಾವಿರ ಹೆಕ್ಟೇರಿನಷ್ಟು ಜಾಗವನ್ನು ಹೊಸದಾಗಿ ಹಂಚುವ ಯೋಜನೆ ಮಾಡಿದರು. ಹಣವಿಲ್ಲದೆ ಅದರಲ್ಲಿ ಹತ್ತನೇ ಒಂದು ಪಾಲೂ ನಡೆಯಲಿಲ್ಲ. ಅಂದರೆ ಸಿನಿಮಾ ನಮಗೆ ಹೇಳಿಕೊಟ್ಟ ‘ಬೂದಿಯಿಂದ ಎದ್ದ ಹೊಸ ಊರು’ ಬಹಳ ಕಡೆ ಹಳೆಯ ಓಣಿಯ ಗೆರೆಗಳ ಮೇಲೆಯೇ ಎದ್ದಿತು.

ಹಾಗಾದರೆ ಟೋಕಿಯೋ ದಿನಾ ಕೆಡವಿ ಕಟ್ಟುತ್ತಿರುವಂತೆ ಕಾಣುವುದು ಯಾಕೆ? ಹೆಚ್ಚಿನ ಪಾಲು ಭೂಕಂಪದಿಂದಲ್ಲ, ಲೆಕ್ಕಪತ್ರದಿಂದ. ತೆರಿಗೆ ನಿಯಮದಲ್ಲಿ ಮರದ ಮನೆಯ ಆಯುಷ್ಯ 22 ವರ್ಷ, ಕಬ್ಬಿಣ ಕಾಂಕ್ರೀಟಿನ ವಸತಿ ಕಟ್ಟಡದ್ದು 47. ಮಾರುಕಟ್ಟೆಯೂ ಇದನ್ನೇ ಅನುಸರಿಸುವುದರಿಂದ ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಮನೆಗೆ ಬೆಲೆಯೇ ಇಲ್ಲವಾಗಿ ನೆಲಕ್ಕೆ ಮಾತ್ರ ಬೆಲೆ ಉಳಿಯುತ್ತದೆ. ಕೊಂಡವರು ಕೆಡವುತ್ತಾರೆ. ಇದಕ್ಕೆ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸದ ಇಂಪೀರಿಯಲ್ ಹೋಟೆಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದರ ಉದ್ಘಾಟನೆಯ ದಿನವೇ 1923ರ ಭೂಕಂಪ. ಹಾನಿಯಾದರೂ ನಿಂತಿತು. 1968ರಲ್ಲಿ ಅದನ್ನು ಕೆಡವಿದ್ದು ಹೆಚ್ಚು ಕೋಣೆಗಳ ಹೋಟೆಲ್ ಬೇಕು ಅಂತ. ಮುಂಭಾಗ ಈಗ ಇನುಯಾಮಾದ ಮೆಯಿಜಿ-ಮುರಾ ಬಯಲು ವಸ್ತುಸಂಗ್ರಹಾಲಯದಲ್ಲಿದೆ. 1970ರಲ್ಲಿ ಆ ಜಾಗಕ್ಕೆ ಬಂದ ಕಟ್ಟಡವನ್ನೂ ಕೆಡವಿ ಕಟ್ಟುವ ಯೋಜನೆ ಪ್ರಕಟವಾಗಿದೆ. ವಾಸ್ತುಶಿಲ್ಪಿ ಕಿಷೋ ಕುರೊಕಾವಾ ಅವರ ನಕಾಗಿನ್ ಕ್ಯಾಪ್ಸೂಲ್ ಗೋಪುರದ 140 ಕೋಣೆಗಳನ್ನು 25 ವರ್ಷಕ್ಕೊಮ್ಮೆ ಕಳಚಿ ಬದಲಿಸಬೇಕು ಅಂತ 1972ರಲ್ಲಿ ಎಣಿಸಿದ್ದರು. ಒಂದನ್ನೂ ಹಾಗೆ ಬದಲಿಸದೆ 2022ರಲ್ಲಿ ಇಡೀ ಕಟ್ಟಡವನ್ನೇ ಬಿಚ್ಚಿಹಾಕಿದರು. ಯಾವ ವಿಪತ್ತೂ ಬಂದಿರಲಿಲ್ಲ.

ಈಗ ಕೆಡವಿ ಕಟ್ಟಲೇಬೇಕಾದ, ಆದರೆ ಕಟ್ಟಲಾಗದ ಜಾಗದ ವಿಷಯ. 1950ರ ಕಟ್ಟಡ ಕಾನೂನಿನ ಪ್ರಕಾರ ನಿವೇಶನದ ಕನಿಷ್ಠ 2 ಮೀಟರ್ ಅಂಚು 4 ಮೀಟರ್ ಅಗಲದ ರಸ್ತೆಗೆ ತಾಗಿರಬೇಕು. ಹಳೆಯ ಕಿರಿದಾದ ಓಣಿಗೆ ವಿನಾಯಿತಿ ಇದೆ, ಆದರೆ ಮನೆ ಮತ್ತೆ ಕಟ್ಟುವಾಗ ಓಣಿಯ ನಡುಗೆರೆಯಿಂದ 2 ಮೀಟರ್ ಹಿಂದೆ ಸರಿಯಬೇಕು. ಒಂದು ಲೆಕ್ಕ ಹಾಕಿ ನೋಡಿ. ಓಣಿ 2.4 ಮೀಟರ್ ಅಗಲ, ನಿವೇಶನ 60 ಚದರ ಮೀಟರ್, ಮುಂಭಾಗ 6 ಮೀಟರ್. 80 ಸೆಂಟಿಮೀಟರ್ ಹಿಂದೆ ಸರಿದರೆ 4.8 ಚದರ ಮೀಟರ್, ಅಂದರೆ ಶೇಕಡ 8ರಷ್ಟು ಜಾಗ ಹೋಯಿತು. ಉಳಿದದ್ದರ ಮೇಲೂ ಇಷ್ಟೇ ಪಾಲು ಕಟ್ಟಬಹುದು ಅನ್ನುವ ಮಿತಿ ಬೇರೆ. ಎಂಬತ್ತು ವರ್ಷದ ಅಜ್ಜಿ ಈ ಲೆಕ್ಕ ನೋಡಿ ಚಾವಣಿ ರಿಪೇರಿ ಮಾಡಿಸಿ ಸುಮ್ಮನಾಗುತ್ತಾರೆ. ಅವರದ್ದು ತಪ್ಪು ಅನ್ನಲಾಗುವುದಿಲ್ಲ. ಓಣಿಯಿಂದ ಇನ್ನೂ ಒಳಗೆ, ಎರಡು ಮೀಟರ್ ಅಂಚೂ ಇಲ್ಲದ ನಿವೇಶನಗಳಲ್ಲಂತೂ ಮನೆ ಬಿದ್ದರೆ ಸಾಮಾನ್ಯವಾಗಿ ಮತ್ತೆ ಕಟ್ಟಲು ಅನುಮತಿಯೇ ಸಿಗದು. ಹೀಗೆ ಅಪಾಯ ಹೆಚ್ಚಿರುವ ಕಡೆಯೇ ಮನೆಗಳು ಹಳೆಯವಾಗಿ ಉಳಿಯುತ್ತವೆ.

ಸರ್ಕಾರಕ್ಕೆ ಇದು ಗೊತ್ತಿದೆ. ಬಯಲು ಮತ್ತು ಬೆಂಕಿ ತಡೆಯುವ ಕಟ್ಟಡಗಳ ಪಾಲು ಶೇಕಡ 70 ದಾಟಿದರೆ ಬೆಂಕಿ ಬಡಾವಣೆಯಿಡೀ ಹಬ್ಬುವುದು ಬಹುತೇಕ ನಿಲ್ಲುತ್ತದೆ ಅನ್ನುವ ಗುರಿಯಿಟ್ಟು 2012ರಲ್ಲಿ ಹತ್ತು ವರ್ಷದ ಯೋಜನೆ ಶುರುಮಾಡಿದರು. ಮಹಾನಗರದ ಅಂದಾಜಿನಲ್ಲಿ 7.3 ತೀವ್ರತೆಯ ಭೂಕಂಪ ನಗರದ ಕೆಳಗೇ ಆದರೆ ಸಾಯುವವರ ಸಂಖ್ಯೆ 2012ರಲ್ಲಿ ಸುಮಾರು 9,700 ಇದ್ದದ್ದು 2022ರಲ್ಲಿ ಸುಮಾರು 6,100ಕ್ಕೆ ಇಳಿದಿದೆ. ನಾಶವಾಗುವ ಸುಮಾರು 1,94,000 ಕಟ್ಟಡಗಳಲ್ಲಿ ಅರ್ಧಕ್ಕೂ ಹೆಚ್ಚು ಈಗಲೂ ಬೆಂಕಿಯ ಲೆಕ್ಕಕ್ಕೇ ಸೇರುತ್ತವೆ. ಸುಮಿದಾ ವಾರ್ಡಿನ ಶಿರಾಹಿಗೆ-ಹಿಗಾಶಿ ವಸತಿ ಸಮುಚ್ಚಯ ನೋಡಿದರೆ ಈ ಭಯದ ಗಾತ್ರ ತಿಳಿಯುತ್ತದೆ. 18 ಕಟ್ಟಡಗಳು, 13 ಮಹಡಿ, ಸುಮಾರು 40 ಮೀಟರ್ ಎತ್ತರ, ಒಂದಕ್ಕೊಂದು ಒತ್ತಿಕೊಂಡು 1.2 ಕಿಲೋಮೀಟರ್ ಉದ್ದದ ಗೋಡೆ. ಬಾಲ್ಕನಿಗಳಿಗೆ ಲೋಹದ ಶಟರ್, ಕಟ್ಟಡಗಳ ಸಂದಿಯಲ್ಲಿ ಭಾರಿ ಬಾಗಿಲುಗಳು. ಪೂರ್ವದ ಮರದ ಮನೆಗಳಿಂದ ಜನ ಆ ಬಾಗಿಲು ದಾಟಿ ನದಿ ಕಡೆಯ ಉದ್ಯಾನಕ್ಕೆ ಬರಬೇಕು, ಆಮೇಲೆ ಬಾಗಿಲು ಹಾಕಿ ಇಡೀ ಸಮುಚ್ಚಯವೇ ಬೆಂಕಿಗೆ ಅಡ್ಡ ನಿಲ್ಲಬೇಕು. ವಿಪತ್ತಿನ ಸಿನಿಮಾ ತೆಗೆಯುವವರು ಒಮ್ಮೆ ಇಲ್ಲಿ ಕ್ಯಾಮೆರಾ ಇಡಬೇಕು ಅನ್ನುವುದು ನನ್ನ ಬಲವಾದ ಆಸೆ.

ಗಗನಚುಂಬಿಗಳ ಭಯ ಬೇರೆ ಬಗೆಯದು. 2011ರ ಮಾರ್ಚ್ 11ರಂದು ಕೇಂದ್ರ ಸುಮಾರು 400 ಕಿಲೋಮೀಟರ್ ದೂರದಲ್ಲಿದ್ದರೂ ಷಿಂಜುಕುವಿನ ಗೋಪುರಗಳು ಹತ್ತು ನಿಮಿಷಕ್ಕೂ ಹೆಚ್ಚು ತೂಗಾಡಿದವು. ಒಂದೂ ಬೀಳಲಿಲ್ಲ. ಆ ತೂಗಾಟದಲ್ಲಿ ಕಪಾಟು ಉರುಳುತ್ತದೆ, ಚಕ್ರವಿರುವ ಜೆರಾಕ್ಸ್ ಯಂತ್ರ ಕೋಣೆಯಿಡೀ ಓಡಾಡುತ್ತದೆ, ಲಿಫ್ಟ್ ನಿಲ್ಲುತ್ತದೆ. ಷಿಂಜುಕು ಮಿತ್ಸುಯಿ ಕಟ್ಟಡದ ತಾರಸಿಗೆ 2015ರಲ್ಲಿ ತಲಾ 300 ಟನ್ನಿನ ಆರು ಲೋಲಕಗಳನ್ನು ಕೂರಿಸಿದ್ದು ಈ ತೂಗಾಟ ತಗ್ಗಿಸಲು. ವಿಪತ್ತಿನ ಮಾರನೆಯ ಕೆಲಸಗಳನ್ನು, ಅಂದರೆ ಸಭೆ, ಆದೇಶ, ಸಹಿಗಳನ್ನು, ಗಂಭೀರವಾಗಿ ತೋರಿಸಿದ್ದು ಹಿದೆಯಾಕಿ ಅನ್ನೋ ಮತ್ತು ಷಿಂಜಿ ಹಿಗುಚಿ ಅವರ 2016ರ ಗಾಡ್ಜಿಲ್ಲ. ಅದನ್ನು ಮೊದಲ ಸಿನಿಮಾದ ಪಕ್ಕದಲ್ಲೇ ಇಡಬೇಕು ಅನ್ನಿಸುತ್ತದೆ.

ನಿಮ್ಮ ಮಗನ ವಿಷಯಕ್ಕೆ ಬರೋಣ. ನಿಶಿ-ಕಸಾಯ್ ಇರುವ ಎಡೊಗಾವಾ ವಾರ್ಡಿನಲ್ಲಿ ಭೂಕಂಪದಷ್ಟೇ ಯೋಚಿಸಬೇಕಾದದ್ದು ನೀರಿನ ಬಗ್ಗೆ. ವಾರ್ಡಿನ ಸುಮಾರು ಶೇಕಡ 70 ನೆಲ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಟೋಕಿಯೋದ ಪೂರ್ವ ಭಾಗ ಹೀಗೆ ತಗ್ಗಾಗಲು ದೊಡ್ಡ ಕಾರಣ ಕಾರ್ಖಾನೆಗಳು ದಶಕಗಟ್ಟಲೆ ಅಂತರ್ಜಲ ಎತ್ತಿದ್ದು. ಪಕ್ಕದ ಕೊತೊ ವಾರ್ಡಿನಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಕುಸಿದ ಜಾಗಗಳಿವೆ. ಎಡೊಗಾವಾ ವಾರ್ಡಿನ ಆಡಳಿತವೇ 2019ರ ಅಪಾಯ ನಕ್ಷೆಯ ಮುಖಪುಟದಲ್ಲಿ, ಇಲ್ಲಿ ಉಳಿಯಬೇಡಿ ಅಂತ ನೇರವಾಗಿ ಮುದ್ರಿಸಿತು. ಸಿನಿಮಾದ ನೀರು ಅಲೆಯಾಗಿ ಬಂದು ಹೋಗುತ್ತದೆ. ಇಲ್ಲಿ ಏರಿ ಒಡೆದರೆ ಬಂದ ನೀರು ತಾನಾಗಿ ಹರಿದುಹೋಗುವುದಿಲ್ಲ, ಪಂಪು ಎತ್ತುವವರೆಗೆ ವಾರ, ಎರಡು ವಾರ ನಿಂತಿರುತ್ತದೆ. ಐದನೇ ಮಹಡಿಯಲ್ಲಿದ್ದರೆ ಜೀವ ಉಳಿಯುತ್ತದೆ, ಆದರೆ ಕರೆಂಟು, ನೀರು, ಶೌಚ ಇರುವುದಿಲ್ಲ. ಆದ್ದರಿಂದ ದೊಡ್ಡ ಚಂಡಮಾರುತದ ಸೂಚನೆ ಬಂದರೆ ಒಂದೆರಡು ದಿನ ಮೊದಲೇ ವಾರ್ಡು ಬಿಟ್ಟು ಎತ್ತರದ ಕಡೆ ಹೋಗಬೇಕು. 2019ರ ಅಕ್ಟೋಬರಿನ ಹಗಿಬಿಸ್ ಚಂಡಮಾರುತದಲ್ಲಿ ರೈಲುಗಳನ್ನು ಮುಂಚಿತವಾಗಿ ನಿಲ್ಲಿಸಿದರು. ರೈಲು ನಿಂತ ಮೇಲೆ ಹೊರಡುತ್ತೇನೆ ಅಂದರೆ ಆಗುವುದಿಲ್ಲ.

ಮನೆ ಆರಿಸುವಾಗ ಮೊದಲು ಕೇಳಬೇಕಾದದ್ದು ಕಟ್ಟಡದ ನಕ್ಷೆಗೆ ಮಂಜೂರಾತಿ ಸಿಕ್ಕ ದಿನಾಂಕ. ಕಟ್ಟಿ ಮುಗಿದ ವರ್ಷವನ್ನು ನಂಬಬಾರದು. 1981ರ ಜೂನ್ 1ರಂದು ಅಥವಾ ನಂತರ ಮಂಜೂರಾಗಿದ್ದರೆ ಹೊಸ ಭೂಕಂಪ ನಿಯಮದ ಕಟ್ಟಡ. 1982ರಲ್ಲಿ ಮುಗಿದದ್ದು ಹಳೆಯ ನಿಯಮದ್ದಾಗಿರಬಹುದು. ಮರದ ಮನೆಯಾದರೆ 2000ದ ಜೂನ್ ನಂತರದ್ದೇ ಇರಲಿ. 2016ರ ಕುಮಾಮೊತೊ ಭೂಕಂಪದಲ್ಲಿ ಮಷಿಕಿ ಪಟ್ಟಣದ ನಡುಭಾಗದ ಮರದ ಕಟ್ಟಡಗಳನ್ನು ಎಣಿಸಿದಾಗ 1981ಕ್ಕಿಂತ ಹಳೆಯವುಗಳಲ್ಲಿ ಸುಮಾರು ಶೇಕಡ 28 ಕುಸಿದಿದ್ದವು, 1981ರಿಂದ 2000ದ ನಡುವಿನವುಗಳಲ್ಲಿ ಸುಮಾರು 9, ಆಮೇಲಿನವುಗಳಲ್ಲಿ ಸುಮಾರು 2.

ಒಳಗೆ ಹೋದ ಮೇಲೆ ಕಪಾಟುಗಳ ಕೆಲಸ. ಟೋಕಿಯೋ ಅಗ್ನಿಶಾಮಕ ಇಲಾಖೆಯ ಪ್ರಕಾರ ಈಚಿನ ಭೂಕಂಪಗಳಲ್ಲಿ ಗಾಯಗೊಂಡವರಲ್ಲಿ ಶೇಕಡ 30ರಿಂದ 50 ಜನಕ್ಕೆ ಪೆಟ್ಟಾದದ್ದು ಉರುಳಿದ, ಜಾರಿದ ಸಾಮಾನಿನಿಂದ. ಗೋಡೆಗೆ ಎಲ್ ಆಕಾರದ ಪಟ್ಟಿ ಹಾಕುವುದೇ ಉತ್ತಮ, ಅದೂ ಗೋಡೆಯೊಳಗಿನ ಮರದ ಕಂಬಕ್ಕೆ ಸ್ಕ್ರೂ ಹಿಡಿಯಬೇಕು, ಬರೀ ಜಿಪ್ಸಮ್ ಹಲಗೆಗೆ ಹಾಕಿದರೆ ಕಿತ್ತು ಬರುತ್ತದೆ. ಬಾಡಿಗೆ ಮನೆಗೆ ತೂತು ಕೊರೆಯಲು ಒಪ್ಪದಿದ್ದರೆ ಚಾವಣಿಗೆ ಒತ್ತುವ ಕೋಲುಗಳನ್ನು ಕಪಾಟಿನ ಹಿಂಬದಿಗೆ, ಎರಡೂ ತುದಿಗೆ ನಿಲ್ಲಿಸಿ, ಬುಡಕ್ಕೆ ಜಾರದ ಪಟ್ಟಿ ಇಡಲಿ. ಗ್ಯಾಸ್ ಮೀಟರು ಜೋರು ನಡುಕಕ್ಕೆ ತಾನೇ ಬಂದ್ ಆಗುತ್ತದೆ. ವಾಸನೆ ಇಲ್ಲ ಅಂತ ಖಚಿತವಾದ ಮೇಲೆ ಎಲ್ಲ ಒಲೆ ಮುಚ್ಚಿ, ಮರಳಿ ಚಾಲೂ ಮಾಡುವ ಗುಂಡಿ ಒತ್ತಿ, ಮೂರು ನಿಮಿಷ ಕಾದು ಕೆಂಪು ದೀಪ ಮಿನುಗುವುದು ನಿಂತರೆ ಬಳಸಬಹುದು. ಕರೆಂಟು ಹೋದಾಗ ಮನೆ ಬಿಟ್ಟು ಹೊರಡುವುದಾದರೆ ಮುಖ್ಯ ಸ್ವಿಚ್ ಇಳಿಸಲೇಬೇಕು. 2011ರಲ್ಲಿ ನಡುಕದಿಂದ ಹೊತ್ತಿದ, ಕಾರಣ ತಿಳಿದ ಬೆಂಕಿಗಳಲ್ಲಿ ಅರ್ಧಕ್ಕೂ ಹೆಚ್ಚು ವಿದ್ಯುತ್ತಿನವು. ಕರೆಂಟು ಮರಳಿದಾಗ ಉರುಳಿಬಿದ್ದ ಹೀಟರೂ ಹೊತ್ತಿಕೊಳ್ಳುತ್ತದೆ. ನೀರು ಒಬ್ಬರಿಗೆ ದಿನಕ್ಕೆ 3 ಲೀಟರಿನಂತೆ ಕನಿಷ್ಠ ಮೂರು ದಿನಕ್ಕೆ, ಸಾಧ್ಯವಾದರೆ ಒಂದು ವಾರಕ್ಕೆ ಇಟ್ಟಿರಲಿ. ಕಚೇರಿಯಲ್ಲಿರುವಾಗ ಭೂಕಂಪವಾದರೆ ನಡೆದುಕೊಂಡು ಮನೆಗೆ ಹೊರಡಬಾರದು. 2013ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಸಂಸ್ಥೆಗಳು ಸಿಬ್ಬಂದಿಯನ್ನು ಒಳಗೇ ಉಳಿಸಿಕೊಳ್ಳಲು ಮೂರು ದಿನದ ನೀರು, ಆಹಾರ ಇಟ್ಟಿರಲು ಪ್ರಯತ್ನಿಸಬೇಕು. ಕೆಲಸಕ್ಕೆ ಸೇರಿದ ಮೊದಲ ವಾರವೇ ಅದು ಎಲ್ಲಿದೆ ಅಂತ ಕೇಳಿಟ್ಟುಕೊಳ್ಳಲಿ.

ಕೊನೆಯದಾಗಿ, ಬಾಡಿಗೆ ಕರಾರಿಗೆ ಮೊದಲು ಏಜೆಂಟರು ಮುಖ್ಯ ಅಂಶಗಳ ವಿವರಣೆ ಓದಿ ಹೇಳಬೇಕು. 2020ರ ಆಗಸ್ಟಿನಿಂದ ಪ್ರವಾಹದ ಅಪಾಯ ನಕ್ಷೆಯಲ್ಲಿ ಆ ಮನೆ ಎಲ್ಲಿದೆ ಅಂತ ತೋರಿಸುವುದೂ ಅವರ ಕರ್ತವ್ಯ. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿ ಅನ್ನಲಿ, ಅಲ್ಲಿ ಬರೆದಿರುವ ನೀರಿನ ಆಳ ಮತ್ತು ನೀರು ನಿಲ್ಲುವ ದಿನಗಳನ್ನು ಬರೆದುಕೊಳ್ಳಲಿ, ಆಮೇಲೆ ಸಹಿ ಹಾಕಲಿ.